ಪದ ಪರಿಚಯ: ಝೀರೋ ಕ್ಲಿಕ್

ಕೆಆರ್‌ಎಸ್‌ನಲ್ಲಿ ಇವತ್ತು ನೀರಿನ ಮಟ್ಟ ಎಷ್ಟಿದೆ? ಮುಂಗಾರು ಶುರುವಾದ ಮೇಲೆ ಮಂಡ್ಯ, ಮೈಸೂರು, ಬೆಂಗಳೂರಿನ ಜನ ಮೊಬೈಲ್‌ನಲ್ಲಿ ಹುಡುಕುವ ಪ್ರಶ್ನೆ ಇದು. ಗರಿಷ್ಠ ಮಟ್ಟ 124.80 ಅಡಿ, ಇವತ್ತಿನದು ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಅಷ್ಟು ತಿಳಿದರೆ ಸಾಕು. ಆ ಅಂಕಿ ಗೂಗಲ್ ಪುಟದ ಮೇಲ್ಭಾಗದಲ್ಲೇ ಕಂಡುಬಿಟ್ಟರೆ ಕೆಳಗಿರುವ ಪತ್ರಿಕೆಗಳ ಲಿಂಕ್ ಒತ್ತುವ ಅಗತ್ಯ ಬೀಳುವುದಿಲ್ಲ. ಹೀಗೆ ಯಾವ ಜಾಲತಾಣಕ್ಕೂ ಹೋಗದೆ, ಹುಡುಕಿದ ಪುಟದಲ್ಲೇ ಮುಗಿದುಹೋಗುವ ಹುಡುಕಾಟಕ್ಕೆ ಝೀರೋ ಕ್ಲಿಕ್ ಎಂದು ಹೆಸರು.

ಓದುಗನಿಗೆ ಇದರಿಂದ ಅನುಕೂಲವೇ. ತೊಂದರೆ ಸುದ್ದಿ ತಂದವರಿಗೆ. ಜಾಲತಾಣದ ಆದಾಯ ಬರುವುದು ಪುಟ ತೆರೆದಾಗ ಕಾಣುವ ಜಾಹೀರಾತಿನಿಂದ. ಪುಟ ತೆರೆಯದಿದ್ದರೆ ಆದಾಯವಿಲ್ಲ.

ಮೊದಲು ಲೆಕ್ಕಾಚಾರ ಬೇರೆ ಇತ್ತು. ಪತ್ರಿಕೆಗಳು ತಮ್ಮ ಪುಟಗಳನ್ನು ಜಾಲಾಡಲು ಗೂಗಲ್‌ಗೆ ಬಿಟ್ಟವು, ಗೂಗಲ್ ಓದುಗರನ್ನು ಕಳಿಸಿಕೊಟ್ಟಿತು. 2002ರಲ್ಲಿ ಬಂದ ಗೂಗಲ್ ನ್ಯೂಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕಟ್ಟಿದವರು ಬೆಂಗಳೂರಿನಲ್ಲಿ ಬೆಳೆದ ಕೃಷ್ಣ ಭರತ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಒಂದೇ ಘಟನೆಯನ್ನು ಬೇರೆ ಬೇರೆ ಪತ್ರಿಕೆಗಳು ಹೇಗೆ ವರದಿ ಮಾಡಿವೆ ಎಂದು ಒಂದೆಡೆ ನೋಡುವಂತಾಗಬೇಕು ಎಂಬ ಯೋಚನೆಯಿಂದ ಹುಟ್ಟಿದ್ದು ಅದು. ಶೀರ್ಷಿಕೆ, ಎರಡು ಸಾಲು, ಲಿಂಕ್: ಅಷ್ಟೇ. ಪೂರ್ತಿ ಓದಬೇಕೆಂದರೆ ಪತ್ರಿಕೆಯ ಪುಟಕ್ಕೇ ಹೋಗಬೇಕಿತ್ತು.

2012ರಲ್ಲಿ ನಾಲೆಡ್ಜ್ ಗ್ರಾಫ್ ಎಂಬ ಗೂಗಲ್‌ನದೇ ಮಾಹಿತಿ ಸಂಗ್ರಹ ಬಂದ ಮೇಲೆ ಗೂಗಲ್ ಉತ್ತರವನ್ನು ತಾನೇ ಚೌಕಟ್ಟಿನಲ್ಲಿ ತೋರಿಸತೊಡಗಿತು. ಗೂಗಲ್‌ನ ಎಐ ಓವರ್‌ವ್ಯೂ ಇನ್ನೂ ಮುಂದೆ ಹೋಗಿ ಹಲವು ತಾಣಗಳ ಬರಹವನ್ನು ಸೇರಿಸಿ ಸಾರಾಂಶವನ್ನೇ ಬರೆದುಕೊಡುತ್ತದೆ. ಅದು ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲೂ ಭಾರತದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲೂ ಬಂತು. ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಐ ಸಾರಾಂಶ ಕಂಡಾಗ ಅಮೆರಿಕದ ಬಳಕೆದಾರರು ಕೆಳಗಿನ ಲಿಂಕ್ ಒತ್ತಿದ್ದು ಶೇ 8ರಷ್ಟು ಬಾರಿ; ಸಾರಾಂಶ ಇಲ್ಲದಿದ್ದಾಗ ಶೇ 15. ಸಾರಾಂಶದ ಒಳಗೇ ಕೊಟ್ಟಿರುವ ಮೂಲದ ಲಿಂಕ್ ಒತ್ತಿದ್ದು ಶೇ 1ರಷ್ಟು ಮಾತ್ರ.

ತಪ್ಪೆಲ್ಲ ಗೂಗಲ್‌ನದು ಎಂದು ಕೈತೊಳೆದುಕೊಳ್ಳುವಂತಿಲ್ಲ. ಕ್ಲಿಕ್ಕಿನ ಆಸೆಗೆ ಬಿದ್ದು ನಮ್ಮ ಸುದ್ದಿತಾಣಗಳು ಬರೆಯುವ ರೀತಿಯನ್ನೇ ಬದಲಿಸಿಕೊಂಡವು. 'ಗೃಹಲಕ್ಷ್ಮಿ ಹಣ ಯಾವಾಗ ಜಮೆ? ಇಲ್ಲಿದೆ ಮಾಹಿತಿ' ಎಂಬ ಮಾದರಿಯ ಶೀರ್ಷಿಕೆಯನ್ನು ನೋಡದ ಕನ್ನಡಿಗರಿಲ್ಲ. ಜನ ಹುಡುಕುವ ಪದಗಳೆಲ್ಲ ಶೀರ್ಷಿಕೆಯಲ್ಲಿರುತ್ತವೆ, ಉತ್ತರ ಮಾತ್ರ ಇರುವುದಿಲ್ಲ. ಒಳಗೆ ಹೋದರೆ ಯೋಜನೆ ಯಾವಾಗ ಶುರುವಾಯಿತು, ಯಾರಿಗೆ ಸಿಗುತ್ತದೆ ಎಂಬ ಹಳೆಯ ವಿವರ, ನಡುನಡುವೆ ಜಾಹೀರಾತು, ಕೊನೆಯ ಪ್ಯಾರಾದಲ್ಲಿ 'ದಿನಾಂಕ ಇನ್ನೂ ಪ್ರಕಟವಾಗಿಲ್ಲ' ಎಂಬ ಸಾಲು. ಎರಡು ಸಾವಿರ ರೂಪಾಯಿಗಾಗಿ ಕಾದು ಕುಳಿತ ಮಹಿಳೆಯನ್ನು ಹೀಗೆ ಅಲೆದಾಡಿಸುವುದು ಅನ್ಯಾಯ. ಸಾರಾಂಶವೊಂದು ಎರಡೇ ಸಾಲಿನಲ್ಲಿ ಉತ್ತರ ಕೊಟ್ಟಾಗ ಆಕೆ ಮತ್ತೆ ಆ ತಾಣದ ಕಡೆ ಏಕೆ ತಿರುಗಬೇಕು?

ಆದರೆ ಪೆಟ್ಟು ಬೀಳುವುದು ಇಂಥ ಬರಹಗಳ ಮೇಲಷ್ಟೇ ಅಲ್ಲ. ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ದಿನವಿಡೀ ಕೂತು, ಟೆಂಡರ್ ಕಡತ ಓದಿ, ನಾಲ್ಕು ಜನರನ್ನು ಮಾತಾಡಿಸಿ ಬರೆದ ವರದಿಯ ತಿರುಳೂ ಅದೇ ಎರಡು ಸಾಲಿಗೆ ಇಳಿಯುತ್ತದೆ. ಅಂಥ ವರದಿಗಾರರ ಸಂಬಳ ಬರುವುದೂ ಅದೇ ಜಾಹೀರಾತಿನಿಂದ. ನನ್ನ ಆತಂಕ ಇರುವುದು ಇಲ್ಲಿ.

ಸಾಮಾಜಿಕ ಜಾಲತಾಣದ ದಾರಿಯೂ ಇದೇ. ಫೇಸ್‌ಬುಕ್ 2015ರಲ್ಲಿ ಇನ್‌ಸ್ಟಂಟ್ ಆರ್ಟಿಕಲ್ಸ್ ತಂದು, ಸುದ್ದಿಯನ್ನು ತನ್ನ ಆ್ಯಪ್ ಒಳಗೇ ತೆರೆಸಿತು. 2018ರಲ್ಲಿ ಫೀಡ್‌ನಲ್ಲಿ ಸ್ನೇಹಿತರು, ಮನೆಯವರ ಪೋಸ್ಟ್‌ಗೆ ಆದ್ಯತೆ ಕೊಟ್ಟು ಸುದ್ದಿಸಂಸ್ಥೆಗಳನ್ನು ಹಿಂದೆ ಸರಿಸಿತು. 2023ರಲ್ಲಿ ಇನ್‌ಸ್ಟಂಟ್ ಆರ್ಟಿಕಲ್ಸನ್ನೇ ಮುಚ್ಚಿತು. ಈಗ ಇಡೀ ಸುದ್ದಿ ಒಂದು ಕಾರ್ಡಿನಲ್ಲೋ ರೀಲ್‌ನಲ್ಲೋ ಮುಗಿಯುತ್ತದೆ, ಲಿಂಕ್ ಇದ್ದರೆ ಕಾಮೆಂಟ್‌ನಲ್ಲಿ.

ಸುದ್ದಿಸಂಸ್ಥೆಗಳಿಗೆ ಹಣ ಕೊಡಿ ಎಂದು ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೆನಡಾ 2023ರಲ್ಲಿ ಕಾನೂನು ತಂದಾಗ ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ ಅಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಿಂದ ಸುದ್ದಿಯನ್ನೇ ತೆಗೆದುಹಾಕಿತು. ಅದೇ ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನಿಂದಾಗಿ ಯೆಲ್ಲೋನೈಫ್ ಪಟ್ಟಣದ ಜನ ಊರು ಬಿಡಬೇಕಾಯಿತು. ಸುದ್ದಿಯ ಲಿಂಕ್ ಹಂಚಲಾಗದೆ ಜನ ಸ್ಕ್ರೀನ್‌ಶಾಟ್ ತೆಗೆದು ಹಾಕಿಕೊಂಡರು. ಗೂಗಲ್ ಮಾತ್ರ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು.

ಎಐ ಸಾರಾಂಶದಲ್ಲಿ ತನ್ನ ಬರಹ ಬೇಡ ಎನ್ನುವ ಪತ್ರಿಕೆಗೆ ಗೂಗಲ್ ತೋರಿಸುವ ದಾರಿಗಳಲ್ಲೊಂದು ನೋಸ್ನಿಪೆಟ್ ಎಂಬ ಟ್ಯಾಗ್. ಪುಟದ ಕೋಡ್‌ನಲ್ಲಿ ಅದನ್ನು ಸೇರಿಸಿದರೆ ಸಾರಾಂಶಕ್ಕೆ ಆ ಬರಹ ಸಿಗುವುದಿಲ್ಲ. ಜೊತೆಗೆ ಮಾಮೂಲಿ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುತ್ತಿದ್ದ ಎರಡು ಸಾಲೂ ಮಾಯವಾಗುತ್ತದೆ. ಓದುಗನನ್ನು ಒಳಗೆ ಕರೆಯುತ್ತಿದ್ದದ್ದು ಆ ಎರಡು ಸಾಲೇ.