ಏಳು ಸ್ಥಾನಗಳಿಂದ ಸಂಪುಟದವರೆಗೆ: ಡೆಮಾಕ್ರಟಿಕ್ ಅಲಯನ್ಸ್ ನಡೆದು ಬಂದ ದಾರಿ

2024ರ ಚುನಾವಣೆಯ ಬಳಿಕ ದಕ್ಷಿಣ ಆಫ್ರಿಕಾದ ಸಂಪುಟದಲ್ಲಿ, ವರ್ಣಭೇದ ನೀತಿಯ ವಿರುದ್ಧ ಹೋರಾಡಿ 1994ರಿಂದ ದೇಶ ಆಳುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ (ಎಎನ್‌ಸಿ) ಮಗ್ಗುಲಲ್ಲೇ ಡೆಮಾಕ್ರಟಿಕ್ ಅಲಯನ್ಸ್ (ಡಿಎ) ಬಂದು ಕುಳಿತಿತು. ಬಜೆಟ್ ಬಂದಾಗಲೂ ಜಗಳ, ಭೂಸ್ವಾಧೀನ ಕಾಯ್ದೆ ಬಂದಾಗಲೂ ಜಗಳ. ಈ ಅಪನಂಬಿಕೆಯ ಬೇರು ಹುಡುಕಿದರೆ 1999ಕ್ಕೆ ಹೋಗಬೇಕು.

ಅದಕ್ಕೂ ಹಿಂದಿನ ಕಥೆ ಚಿಕ್ಕದು. 1959ರಲ್ಲಿ ಯುನೈಟೆಡ್ ಪಾರ್ಟಿಯಿಂದ ಸಿಡಿದವರು ಡಿಎಯ ಮೂಲವಾದ ಪ್ರೊಗ್ರೆಸಿವ್ ಪಾರ್ಟಿ ಕಟ್ಟಿದರು. 1961ರಿಂದ 1974ರವರೆಗೆ, ಬಿಳಿಯರಷ್ಟೇ ಇದ್ದ ಸಂಸತ್ತಿನಲ್ಲಿ ಅದಕ್ಕಿದ್ದ ದನಿ ಹೆಲೆನ್ ಸುಜ್ಮನ್ ಅವರದೊಂದೇ. 1968ರ ಕಾನೂನು ಬೇರೆ ಬೇರೆ ಜನಾಂಗದವರು ಒಂದೇ ಪಕ್ಷದಲ್ಲಿರುವುದನ್ನು ನಿಷೇಧಿಸಿದಾಗ ಲಿಬರಲ್ ಪಾರ್ಟಿ ಬಾಗಿಲು ಹಾಕಿತು. ಪ್ರೊಗ್ರೆಸಿವ್ ಪಾರ್ಟಿ ಬಿಳಿಯರ ಪಕ್ಷವಾಗಿಯೇ ಉಳಿಯಿತು. ಹೆಸರು ಬದಲಿಸುತ್ತ 1989ರಲ್ಲಿ ಅದು ಡೆಮಾಕ್ರಟಿಕ್ ಪಾರ್ಟಿಯಾಯಿತು. ಎಲ್ಲರೂ ಮತ ಹಾಕಿದ 1994ರ ಚುನಾವಣೆಯಲ್ಲಿ ಅದಕ್ಕೆ ದಕ್ಕಿದ್ದು ಶೇ 1.7 ಮತ, 400ರಲ್ಲಿ 7 ಸ್ಥಾನ.

1999ರಲ್ಲಿ ಟೋನಿ ಲಿಯಾನ್ ನೇತೃತ್ವದ ಪಕ್ಷ ‘ಫೈಟ್ ಬ್ಯಾಕ್’ (ತಿರುಗಿ ಹೋರಾಡಿ) ಎಂದು ಕೂಗಿತು. ‘ಡೋಂಟ್ ಫೈಟ್ ಬ್ಲ್ಯಾಕ್’ (ಕಪ್ಪು ಜನರ ವಿರುದ್ಧ ಹೋರಾಡಬೇಡಿ) ಎಂದು ಎದುರಾಳಿಗಳು ತಿರುಗೇಟು ಕೊಟ್ಟರು. (ಕನ್ನಡ ಲಿಪಿಯಲ್ಲೂ ವ್ಯತ್ಯಾಸ ಒಂದು ಒತ್ತಕ್ಷರದ್ದು.) ಸ್ಥಾನಗಳು 38ಕ್ಕೇರಿದವು. ವರ್ಣಭೇದ ನೀತಿಯನ್ನು ಜಾರಿಗೆ ತಂದಿದ್ದ ಪಕ್ಷದ ಹೊಸ ರೂಪವಾದ ನ್ಯೂ ನ್ಯಾಷನಲ್ ಪಾರ್ಟಿ 82ರಿಂದ 28ಕ್ಕೆ ಕುಸಿಯಿತು. ಯಾರ ಮತ ಎಲ್ಲಿಗೆ ಹೋಯಿತೆಂದು ತಿಳಿಯಲು ಪಂಡಿತರು ಬೇಕಿಲ್ಲ. ದಶಕಗಳ ಕಾಲ ಆ ನೀತಿಯನ್ನು ವಿರೋಧಿಸಿದವರ ಮನೆಗೆ ಅದನ್ನು ಬೆಂಬಲಿಸಿದವರೇ ಗುಂಪುಗುಂಪಾಗಿ ಬಂದರು. ಬೇಡವೆನ್ನಲು ಯಾವ ಪಕ್ಷಕ್ಕೆ ತಾನೇ ಮನಸ್ಸಾಗುತ್ತದೆ? 2000ರಲ್ಲಿ ಎರಡೂ ಪಕ್ಷಗಳು ಕೈಜೋಡಿಸಿ ಡಿಎ ಹುಟ್ಟಿತು. ಮರುವರ್ಷವೇ ನ್ಯೂ ನ್ಯಾಷನಲ್ ಪಾರ್ಟಿ ಹೊರನಡೆದು ಎಎನ್‌ಸಿ ಕಡೆ ವಾಲಿತು. ಅದರ ಮತದಾರರಲ್ಲಿ ಬಹುಪಾಲು ಮಾತ್ರ ಡಿಎಯಲ್ಲೇ ಉಳಿದರು.

2006ರಲ್ಲಿ ಡಿಎಯ ಹೆಲೆನ್ ಜಿಲೆ ಕೇಪ್‌ಟೌನ್ ಮೇಯರ್ ಆದರು, 2009ರಲ್ಲಿ ವೆಸ್ಟರ್ನ್ ಕೇಪ್ ಪ್ರಾಂತ್ಯವೂ ಡಿಎ ಕೈಸೇರಿತು. 2014ರಲ್ಲಿ ಶೇ 22.2 ಮತ. 2015ರಲ್ಲಿ ಮ್ಯೂಸಿ ಮೈಮನೆ ಪಕ್ಷದ ಮೊದಲ ಕಪ್ಪು ನಾಯಕರಾದರು. ಮರುವರ್ಷ ಜೊಹಾನ್ಸ್‌ಬರ್ಗಿನಲ್ಲೂ ಡಿಎ ಮೇಯರ್ ಬಂದರು. ಆಗ 1999ರಲ್ಲಿ ಮತದ ಸಾಲ ಕೊಟ್ಟವರು ಬಾಗಿಲು ತಟ್ಟಿದರು. 2019ರಲ್ಲಿ ಮತ ಶೇ 20.8ಕ್ಕೆ ಇಳಿಯಿತು, ಆಫ್ರಿಕಾನರ್ (ಹೆಚ್ಚಾಗಿ ಡಚ್ ಮೂಲದ ಬಿಳಿಯರು) ಮತದಾರರನ್ನು ಓಲೈಸುವ ಫ್ರೀಡಂ ಫ್ರಂಟ್ ಪ್ಲಸ್ ನಾಲ್ಕರಿಂದ ಹತ್ತು ಸ್ಥಾನಕ್ಕೇರಿತು. ಅಕ್ಟೋಬರ್‌ನಲ್ಲಿ ಮೈಮನೆ ರಾಜೀನಾಮೆ ಕೊಟ್ಟರು.

2024ರಲ್ಲಿ ಡಿಎ ಗಳಿಸಿದ್ದು ಶೇ 21.8, ಹತ್ತು ವರ್ಷದ ಹಿಂದಿನದಕ್ಕಿಂತ ತುಸು ಕಡಿಮೆ. ಎಎನ್‌ಸಿ ಶೇ 40ಕ್ಕೆ ಬಿದ್ದಿದ್ದರಿಂದ ಅಷ್ಟೇ ಸಾಕಾಯಿತು.