ನೋವು ನುಂಗುವ ಮದ್ದು, ಹೃದಯಕ್ಕೆ ಬ್ರೇಕು

"ನೋವೆಂತ ಇಲ್ಲ ಮಾರಾಯ್ರೆ, ಒಂಚೂರು ನೀರು ಕೊಡಿ."

ಮಂಗಳೂರಿನ ನಂತೂರಿನ ಹತ್ತಿರ ಬೈಕಿನಿಂದ ಬಿದ್ದ ಹುಡುಗ ಹೀಗೆ ಅಂದಾಗ ನಮಗೆಲ್ಲ ಸಮಾಧಾನವಾಗಿತ್ತು. ತೊಡೆಯಿಂದ ರಕ್ತ ಸುರಿಯುತ್ತಿತ್ತು. ಯಾರೋ ಲುಂಗಿ ಹರಿದು ಒತ್ತಿ ಹಿಡಿದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಬೆರಳಿನ ಉಗುರು ಒತ್ತಿ ಬಿಟ್ಟರು. ಬೆಳ್ಳಗಾದ ಉಗುರು 2 ಸೆಕೆಂಡಿನಲ್ಲಿ ಕೆಂಪಾಗಬೇಕು. ಇವನದ್ದು ಐದು ಎಣಿಸಿದರೂ ಬೆಳ್ಳಗೇ ಇತ್ತು. "ಶಾಕ್" ಅಂದರು.

ಕರೆಂಟ್ ಹೊಡೆದರೂ ನಮಗೆ ಶಾಕ್, ಚಿನ್ನದ ರೇಟ್ ಕೇಳಿದರೂ ಶಾಕ್. ಡಾಕ್ಟರ ಶಾಕ್ ಬೇರೆ. ಅಂಗಗಳಿಗೆ ಬೇಕಾದಷ್ಟು ರಕ್ತ ಮುಟ್ಟದ ಸ್ಥಿತಿ ಅದು. ರಕ್ತ ಸೋರಿದರೂ ಬರಬಹುದು, ಸೋಂಕು ಏರಿದರೂ, ನಮ್ಮೂರ ಮಳೆಗಾಲದ ಡೆಂಗಿ ಜಾಸ್ತಿಯಾದರೂ ಬರಬಹುದು.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸ್ವಲ್ಪ ಹೋದರೆ ದೇಹ ಸುಧಾರಿಸಿಕೊಳ್ಳುತ್ತದೆ. ಅಡ್ರಿನಲಿನ್ ಏರುತ್ತದೆ, ಹೃದಯ ಓಡುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ. ಉಗುರು ಬೆಳ್ಳಗಾಗುವುದು ಅದಕ್ಕೇ. ಮೂರರಲ್ಲಿ ಒಂದು ಪಾಲು ಹೋಗುವ ಹೊತ್ತಿಗೆ ಈ ಬಿಗಿ ಒಮ್ಮೆಲೇ ಸಡಿಲವಾಗಬಹುದು. ಬಿಪಿ ಕುಸಿಯುತ್ತದೆ, ಕೆಲವರ ನಾಡಿಯೂ ನಿಧಾನವಾಗುತ್ತದೆ. ಓಡಬೇಕಾದ ಹೊತ್ತಲ್ಲಿ ಬ್ರೇಕ್ ಒತ್ತಿದ್ದು ಯಾರು?

ನೋವು ಮರೆಸಲು ದೇಹವೇ ತಯಾರಿಸುವ ಮದ್ದುಗಳೇ, ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಮಟ್ಟಿಗೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಲಿನ್ ಬೇರ್ಪಡಿಸಿದರು. ಅಫೀಮಿನಂತೆ ಕೆಲಸ ಮಾಡುವ ಮದ್ದು ನಮ್ಮೊಳಗೇ ತಯಾರಾಗುತ್ತದೆ ಅಂತ ಆಗ ತಿಳಿಯಿತು. ಬೀಟಾ ಎಂಡಾರ್ಫಿನ್ ಅದರ ನೆಂಟ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಒಂದೇ ಉದ್ದನೆಯ ಪ್ರೋಟೀನನ್ನು ತುಂಡು ಮಾಡಿ ಇದನ್ನೂ, ಒತ್ತಡದ ಹೊತ್ತಿನ ಹಾರ್ಮೋನ್ ಎಸಿಟಿಎಚ್ ಅನ್ನೂ ಕೊಡುತ್ತದೆ. ಹಾಗಾಗಿ ಪೆಟ್ಟು ಬಿದ್ದಾಗ ಎರಡೂ ಒಟ್ಟಿಗೇ ರಕ್ತಕ್ಕೆ ಇಳಿಯುತ್ತವೆ.

1978ರಲ್ಲಿ ಅಮೆರಿಕದ ಜಾನ್ ಹಾಲಡೇ ಮತ್ತು ಆಲನ್ ಫೇಡನ್, ಬ್ಯಾಕ್ಟೀರಿಯಾದ ವಿಷದಿಂದ ಶಾಕ್‌ಗೆ ಹೋಗಿದ್ದ ಇಲಿಗಳಿಗೆ ನಲಾಕ್ಸೋನ್ ಚುಚ್ಚಿದರು. ಅಫೀಮು ಜಾತಿಯ ಮದ್ದು ಕೂರುವ ಜಾಗಕ್ಕೆ ಅಡ್ಡ ನಿಲ್ಲುವ ಔಷಧ ಅದು. ಇಲಿಗಳ ಬಿಪಿ ಮೇಲೆ ಬಂತು!

ಬ್ರೇಕ್ ಕೆಲಸ ಮಾಡುವುದು ಎರಡು ಕಡೆ. ಮಿದುಳಿನ ಬುಡದಲ್ಲಿ ಎಂಡಾರ್ಫಿನ್‌ನಂಥ ಈ ಒಳಗಿನ ಮದ್ದುಗಳು ಹೃದಯವನ್ನು ಓಡಿಸುವ ನರಗಳನ್ನು ತಣ್ಣಗಾಗಿಸುತ್ತವೆ. ಇನ್ನೊಂದು ಹೃದಯದ ಸ್ನಾಯುವಿನಲ್ಲೇ. ಅಲ್ಲಿ ಡೆಲ್ಟಾ, ಕಪ್ಪಾ ಅನ್ನುವ ಗ್ರಾಹಕಗಳು, ಅಂದರೆ ಈ ಮದ್ದುಗಳು ಕೂರುವ ಜಾಗಗಳು ಇವೆ. ಇವು ಎಚ್ಚೆತ್ತರೆ ಅಡ್ರಿನಲಿನ್ ಎಷ್ಟು ಕೂಗಿದರೂ ಹೃದಯಕ್ಕೆ ಅರ್ಧವೇ ಕೇಳಿದ ಹಾಗೆ.

ಹಾಗಾದರೆ ಎಲ್ಲರಿಗೂ ನಲಾಕ್ಸೋನ್ ಕೊಟ್ಟರಾಯ್ತು, ಅಲ್ವಾ? ಮನುಷ್ಯರಲ್ಲೂ ಬಿಪಿ ಏರಿತು. ಆದರೆ ಜೀವ ಉಳಿಯುವುದು ಹೆಚ್ಚಿತು ಅಂತ ಗಟ್ಟಿಯಾಗಿ ಹೇಳುವಂತಾಗಲಿಲ್ಲ. ಮೇಲಾಗಿ, ನೋವು ತಾಳಿಕೊಳ್ಳುವ ಶಕ್ತಿಯನ್ನೂ ಅದು ಕಿತ್ತುಕೊಳ್ಳುತ್ತದೆ. ಇನ್ನೊಂದು ತಮಾಷೆ: ರಕ್ತ ಸಿಗದೆ ಒದ್ದಾಡುವ ಹೃದಯದ ಜೀವಕೋಶಗಳನ್ನು ಕಾಪಾಡುವುದರಲ್ಲೂ ಇದೇ ಡೆಲ್ಟಾ ಗ್ರಾಹಕಗಳ ಕೈಯಿದೆ. ನನಗಂತೂ ಈ ಒಳಗಿನ ಮದ್ದನ್ನು ಬರೀ ಖಳನಾಯಕ ಅನ್ನಲು ಮನಸ್ಸಿಲ್ಲ.

ಹುಡುಗನಿಗೆ ಕೊಟ್ಟದ್ದು ಹಳೇ ಉಪಾಯವೇ. ರಕ್ತ ನಿಲ್ಲಿಸಿದರು, ಸಲೈನ್ ಹಾಕಿದರು, ಆಮೇಲೆ ರಕ್ತ. ಎರಡನೇ ಬಾಟಲಿ ಮುಗಿಯುವಾಗ ಕಣ್ಣು ಬಿಟ್ಟು ಹಲ್ಲು ಕಚ್ಚಿದ.

"ಈಗ ನೋಯ್ತದೆ ಮಾರಾಯ್ರೆ."