ವರದಿ ಇದೆ, ಅದರ ಹೆಸರು ಗೊತ್ತಿರಬೇಕು

ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಯಾವ ವರ್ಷ ಬೂತಾಯಿ ಮೀನು ರಾಶಿ ಬಿತ್ತು, ಯಾವ ವರ್ಷ ಕೈಕೊಟ್ಟಿತು ಎಂಬ ಲೆಕ್ಕ ದಶಕಗಳಿಂದ ಕಾಗದದ ಮೇಲಿದೆ. ಉಳ್ಳಾಲದಲ್ಲಿ ಕಡಲು ಎಷ್ಟು ದಡ ತಿಂದಿತು, ಪುತ್ತೂರಿನಲ್ಲಿ ಯಾವ ಗೇರು ತಳಿ ಎಷ್ಟು ಫಸಲು ಕೊಟ್ಟಿತು, ಬ್ರಹ್ಮಾವರದ ಗದ್ದೆಯಲ್ಲಿ ಯಾವ ಭತ್ತ ಹೇಗೆ ಬಂತು, ಕರಾವಳಿಯ ಬಾವಿಗಳಲ್ಲಿ ಉಪ್ಪು ಎಲ್ಲಿಯವರೆಗೆ ಏರಿತು ಎಂಬುದಕ್ಕೂ ವರದಿಗಳಿವೆ. ಖರ್ಚು ಸರ್ಕಾರದ್ದು, ಅಂದರೆ ನಮ್ಮದೇ. ಆದರೂ ಊರಿನಲ್ಲಿ ಒಂದು ವಿವಾದ ಎದ್ದಾಗ ಎರಡೂ ಕಡೆಯವರು ಬಾಯಿಮಾತಿನಲ್ಲೇ ಜಗಳಾಡುತ್ತಾರೆ, ವರದಿ ಯಾರ ಕೈಯಲ್ಲೂ ಇರುವುದಿಲ್ಲ.

ಇದಕ್ಕೆ ಸರ್ಕಾರದ ಗುಟ್ಟುತನವೇ ಕಾರಣ ಎಂದು ದೂರುವುದು ಸುಲಭ. ಗುಟ್ಟು ಮಾಡುವುದೂ ಉಂಟು, ಅದನ್ನು ಮುಂದೆ ನೋಡೋಣ. ಆದರೆ ಹೆಚ್ಚಿನ ಸಲ ತೊಡಕು ಬೇರೆಯೇ: ಯಾವ ವರದಿ ಬೇಕು, ಅದರ ಹೆಸರೇನು, ಅದು ಯಾರ ಬಳಿ ಇದೆ ಎಂಬುದೇ ಕೇಳುವವರಿಗೆ ಗೊತ್ತಿರುವುದಿಲ್ಲ. ಸಂಶೋಧನಾ ಪತ್ರಿಕೆಯಲ್ಲಿ ಬಂದ ಹತ್ತು ಪುಟದ ಲೇಖನವನ್ನು ಗೂಗಲ್ ಹುಡುಕಿಕೊಡುತ್ತದೆ. ಅದರ ಹಿಂದಿರುವ ಯೋಜನೆಯ ದಪ್ಪನೆಯ ಅಂತಿಮ ವರದಿಯನ್ನು ಹುಡುಕಿಕೊಡುವುದಿಲ್ಲ. ಊರಿಗೆ ಬೇಕಾದ ಅಂಕಿಗಳು ಇರುವುದು ಮಾತ್ರ ಆ ಎರಡನೆಯದರಲ್ಲೇ.

ಅಮೆರಿಕದಲ್ಲಿ ಈ ತೊಡಕನ್ನು ಬಲು ಹಿಂದೆಯೇ ಗುರುತಿಸಿದ್ದರು. ಯುದ್ಧಕಾಲದ ಸಂಶೋಧನೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡಲು 1945ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಪ್ರಕಟಣಾ ಮಂಡಳಿಯೊಂದನ್ನು ನೇಮಿಸಿದರು. ಒಂದೊಂದು ವರದಿಗೂ 'ಪಿಬಿ' ಎಂದು ಶುರುವಾಗುವ ಸಂಖ್ಯೆ ಬಿತ್ತು. ಮುಂದೆ ಆ ಕೆಲಸ ರಾಷ್ಟ್ರೀಯ ತಾಂತ್ರಿಕ ಮಾಹಿತಿ ಸೇವೆಯ ಪಾಲಾಯಿತು. ಸಂಖ್ಯೆ ಇದ್ದರೆ ಕೇಳುವುದು ಸುಲಭ, 'ಇಲ್ಲ' ಎನ್ನುವುದು ಕಷ್ಟ. ನಮ್ಮಲ್ಲಿ ಅಂಥ ಒಂದೇ ಕೌಂಟರ್ ಇಲ್ಲ, ಹತ್ತಾರಿವೆ. ಯಾವ ಸರಕು ಎಲ್ಲಿ ಸಿಗುತ್ತದೆ ಎಂದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೀನಿನ ವಿಷಯವಾದರೆ ಮೊದಲು ನೋಡಬೇಕಾದದ್ದು ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ. 1947ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರವಿದೆ. ಅದರ 'ಇಪ್ರಿಂಟ್ಸ್' ಸಂಗ್ರಹದಲ್ಲಿ ಹಳೆಯ ಬುಲೆಟಿನ್‌ಗಳಿಂದ ಹಿಡಿದು ಮೀನುಗಾರರ ಗಣತಿಯವರೆಗೆ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ದೇಶದ ಸರ್ಕಾರಿ ಸಂಸ್ಥೆಗಳ ಸಂಗ್ರಹಗಳಲ್ಲಿ ಇದು ಮಾದರಿ ಎನ್ನಬಹುದು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು 'ಕೃಷಿಕೋಶ'ದಲ್ಲಿ, ಉಳಿದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ'ದಲ್ಲಿ ಸಿಗುತ್ತವೆ. ಶಿಲೆ, ಖನಿಜ, ಭೂಪಟಗಳಿಗೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ 'ಭೂಕೋಶ್' ಇದೆ. ಬಾವಿ ನೀರಿಗೆ ಕೇಂದ್ರ ಅಂತರ್ಜಲ ಮಂಡಳಿಯ ಜಿಲ್ಲಾವಾರು ವರದಿಗಳಿವೆ. ಕಾರ್ಖಾನೆ, ಬಂದರು, ವಿದ್ಯುತ್ ಸ್ಥಾವರಗಳ ಪರಿಸರ ಅನುಮತಿಯ ಕಡತಗಳು 'ಪರಿವೇಶ್' ತಾಣದಲ್ಲಿವೆ.

ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೆರಡು ಜಾಗಗಳಿವೆ. ಒಂದು, ಸಾಲ ಕೊಟ್ಟ ಬ್ಯಾಂಕು. ಉಳ್ಳಾಲದ ಕಡಲ್ಕೊರೆತ ತಡೆಯುವ ಕಾಮಗಾರಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲವಿತ್ತು. ಆ ಬ್ಯಾಂಕು ತನ್ನ ಯೋಜನೆಗಳ ಪರಿಸರ ಪರಿಶೀಲನೆ, ಮೇಲ್ವಿಚಾರಣಾ ವರದಿಗಳನ್ನು ತನ್ನ ತಾಣದಲ್ಲೇ ಹಾಕುತ್ತದೆ. ಮಂಗಳೂರಿನ ಕಚೇರಿಯಲ್ಲಿ ಕಪಾಟಿನ ಬೀಗ ತೆಗೆಸುವುದಕ್ಕಿಂತ ಮನಿಲಾದಲ್ಲಿರುವ ಆ ಬ್ಯಾಂಕಿನ ತಾಣದಿಂದ ಇಳಿಸಿಕೊಳ್ಳುವುದು ಬೇಗ. ಇನ್ನೊಂದು, ಸಂಸತ್ತಿನ ಪ್ರಶ್ನೋತ್ತರ. 'ಕರ್ನಾಟಕ ಕರಾವಳಿ ಕೊರೆತ' ಎಂದು ಯಾರೋ ಸಂಸದರು ಕೇಳಿದ ಪ್ರಶ್ನೆಗೆ ಸಚಿವರ ಉತ್ತರದಲ್ಲಿ ಅಧ್ಯಯನದ ಹೆಸರು, ನಡೆಸಿದ ಸಂಸ್ಥೆ, ಅವಧಿ ಮೂರೂ ಇರುತ್ತವೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಉಪಗ್ರಹ ಚಿತ್ರಗಳಿಂದ 1990ರಿಂದ 2018ರವರೆಗಿನ ದಡದ ಬದಲಾವಣೆ ಅಳೆದು, ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಕಂಡುಕೊಂಡದ್ದು ಇಂಥ ಉತ್ತರಗಳಲ್ಲಿ ಮತ್ತೆ ಮತ್ತೆ ಬಂದಿದೆ. ವರದಿಯ ಹೆಸರು ಪತ್ತೆಹಚ್ಚಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನು ಹುಡುಕಾಟದಲ್ಲಿ ಎಡವುವ ಜಾಗಗಳು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ವರದಿಗಳಲ್ಲಿ ಕುಂದಾಪುರ, ಕಾರ್ಕಳ ಎಲ್ಲ ದಕ್ಷಿಣ ಕನ್ನಡದೊಳಗೇ ಇವೆ. 1956ಕ್ಕಿಂತ ಹಿಂದಕ್ಕೆ ಹೋದರೆ ಜಿಲ್ಲೆಯ ಹೆಸರು 'ಸೌತ್ ಕೆನರಾ', ಅದರಲ್ಲಿ ಕಾಸರಗೋಡೂ ಸೇರಿದೆ. ಈ ಗಡಿ ನೋಡದೆ 1990ರ ಅಂಕಿಯನ್ನು 2010ರದ್ದರ ಪಕ್ಕ ಇಟ್ಟು 'ಜಿಲ್ಲೆಯಲ್ಲಿ ಭತ್ತದ ಗದ್ದೆ ಅರ್ಧಕ್ಕಿಳಿಯಿತು' ಎನ್ನುವವರಿದ್ದಾರೆ. ಇಳಿದದ್ದು ಜಿಲ್ಲೆಯ ಗಾತ್ರವೂ ಹೌದು. ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು, ಹಾಗಾಗಿ ಹಳತು ಹೊಸತು ಎರಡರಲ್ಲೂ ಹುಡುಕಬೇಕು. ಭೂವಿಜ್ಞಾನದ ವರದಿಗಳಲ್ಲಿ ಊರಿನ ಹೆಸರಿಗಿಂತ ಸರ್ವೆ ನಕ್ಷೆಯ ಹಾಳೆ ಸಂಖ್ಯೆ ಗಟ್ಟಿ: ಮಂಗಳೂರು ಬರುವುದು 48 ಎಲ್ ಹಾಳೆಯಲ್ಲಿ, ಉಡುಪಿ 48 ಕೆ ಹಾಳೆಯಲ್ಲಿ. ಮೀನಿಗೆ ವೈಜ್ಞಾನಿಕ ಹೆಸರೇ ಸರಿ. ಬೂತಾಯಿ, ಬೈಗೆ ಎಂದೆಲ್ಲ ಹುಡುಕಿದರೆ ಅಡುಗೆ ವಿಡಿಯೋ ಬರುತ್ತವೆ, ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂದರೆ ವರದಿ ಬರುತ್ತದೆ.

ಕನ್ನಡ ದಾಖಲೆಗಳದ್ದು ಬೇರೆಯೇ ಪಾಡು. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹುಡುಕಾಟದ ಯಂತ್ರಕ್ಕೆ ಅದು ಎಂದೂ ಸಿಗದು. ಒಂದು ಸಾಲು ನಕಲು ಮಾಡಿ ಅಂಟಿಸಿ ನೋಡಿದರೆ ಗೊತ್ತಾಗುತ್ತದೆ, ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಿರುಗಿಸಬಹುದು. ಸ್ಕ್ಯಾನ್ ಮಾಡಿದ ಪುಟವಾದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ತಕ್ಕಮಟ್ಟಿಗೆ ಹೊರಬರುತ್ತದೆ. ಕೋಷ್ಟಕಗಳನ್ನು ಮಾತ್ರ ನಂಬಬೇಡಿ. ದಶಮಾಂಶ ಬಿಂದು ಹಾರಿಹೋಗಿ 4.5 ಎಂಬುದು 45 ಆಗಿಬಿಡುತ್ತದೆ, ಕನ್ನಡ ಅಂಕಿಗಳಲ್ಲಿ ಸೊನ್ನೆಯನ್ನು ಅನುಸ್ವಾರವೆಂದು ಓದಿಬಿಡುತ್ತದೆ. ಬೇಕಾದ ಅಂಕಿಗಳನ್ನು ಮೂಲ ಪುಟ ಎದುರಿಟ್ಟುಕೊಂಡು ಕೈಯಾರೆ ಬರೆದುಕೊಳ್ಳುವುದೇ ಕ್ಷೇಮ. ಕೊಂಡಿ ಸತ್ತಿದ್ದರೆ ಆ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಯಂತ್ರದಲ್ಲಿ ಹಾಕಿ ನೋಡಿ. ಸರ್ಕಾರಿ ತಾಣಗಳು ಹೊಸ ವಿನ್ಯಾಸಕ್ಕೆ ಹೋದಾಗಲೆಲ್ಲ ಹಳೆಯ ಕೊಂಡಿಗಳು ಹೀಗೆ ಸಾಯುತ್ತವೆ.

ಸಿಕ್ಕಿದ ವರದಿಯನ್ನು ಓದುವಾಗ ಫಲಿತಾಂಶಕ್ಕಿಂತ ಮೊದಲು ವಿಧಾನದ ಅಧ್ಯಾಯ ನೋಡಬೇಕು. ಸಿಎಂಎಫ್‌ಆರ್‌ಐ ಹೇಳುವ ಟನ್‌ಗಳ ಲೆಕ್ಕ ಪ್ರತಿ ಬುಟ್ಟಿ ತೂಗಿದ್ದಲ್ಲ, ಮಾದರಿ ಸಮೀಕ್ಷೆಯ ಅಂದಾಜು. ಸಿಬ್ಬಂದಿ ಆಯ್ದ ದಿನಗಳಲ್ಲಿ ದಡದಲ್ಲಿ ನಿಂತು ದೋಣಿಗಳನ್ನು ಎಣಿಸುತ್ತಾರೆ. ಬಂದ ದೋಣಿಗಳು 15ರೊಳಗಿದ್ದರೆ ಎಲ್ಲದರ ಮೀನನ್ನೂ ದಾಖಲಿಸುತ್ತಾರೆ, ಹೆಚ್ಚಿದ್ದರೆ ಕೆಲವನ್ನು ಆರಿಸುತ್ತಾರೆ. ಅಲ್ಲಿಂದ ದಿನಕ್ಕೆ, ತಿಂಗಳಿಗೆ, ವಲಯಕ್ಕೆ ಹಿಗ್ಗಿಸಿ ಲೆಕ್ಕ ಹಾಕುತ್ತಾರೆ. ರಾಜ್ಯ ಮೀನುಗಾರಿಕೆ ಇಲಾಖೆಯ ಅಂಕಿಯೊಂದಿಗೆ ಇದು ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆ ಎಂದರ್ಥವಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಜುಲೈಯ ಅಂಕಿಯನ್ನು ಅಕ್ಟೋಬರಿನದರ ಜೊತೆ ಹೋಲಿಸುವುದು ವ್ಯರ್ಥ.

ತಾಣದಲ್ಲಿ ಸಿಗದೇ ಹೋದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅದರಲ್ಲಿ 'ಮಾಹಿತಿ' ಎಂದರೆ ಕಾಗದ ಮಾತ್ರವಲ್ಲ, ವರದಿ, ಮಾದರಿ, ಕಂಪ್ಯೂಟರಿನಲ್ಲಿರುವ ದತ್ತಾಂಶ ಎಲ್ಲವೂ ಸೇರುತ್ತವೆ. ಕೇಂದ್ರದ ಸಂಸ್ಥೆಯಾದರೆ ಆನ್‌ಲೈನ್‌ನಲ್ಲೇ ₹10 ಕಟ್ಟಿ ಕೇಳಬಹುದು. ರಾಜ್ಯದ ಕಚೇರಿಗೂ ₹10, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಬಿಗಿ ಇದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಾಲ್ಕು ಪುಟದ ಅಹವಾಲು ಬರೆದವರ ಅರ್ಜಿ ಇಲ್ಲೇ ಮುಗ್ಗರಿಸುತ್ತದೆ. 'ನದಿ ಏಕೆ ಹಾಳಾಗಿದೆ, ಯಾರು ಹೊಣೆ?' ಎಂದು ಕೇಳಿದರೂ ಉಪಯೋಗವಿಲ್ಲ. ಕಚೇರಿ ಕೊಡಬೇಕಾದದ್ದು ತನ್ನಲ್ಲಿರುವ ದಾಖಲೆ, ಅಭಿಪ್ರಾಯವನ್ನಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೇಳುವುದಾದರೆ ಹೀಗೆ ಬರೆದರೆ ಸಾಕು:

'ಫಲ್ಗುಣಿ ನದಿ ನೀರಿನ ಗುಣಮಟ್ಟದ ಬಗ್ಗೆ 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ ತಮ್ಮ ಕಚೇರಿ ಮಾದರಿ ತೆಗೆದ ಎಲ್ಲ ಸ್ಥಳಗಳ ವಿಶ್ಲೇಷಣಾ ವರದಿಗಳ ಪ್ರತಿ, ಅನುಬಂಧಗಳ ಸಹಿತ. ಪ್ರತಿ ಮಾದರಿ ತೆಗೆದ ದಿನಾಂಕ, ಸಮಯ, ಅಕ್ಷಾಂಶ-ರೇಖಾಂಶ. ಎಕ್ಸೆಲ್ ಕಡತವಿದ್ದಲ್ಲಿ ಅದನ್ನೇ ನೀಡುವುದು.'

'ಸಮಯ' ಎಂಬ ಪದವನ್ನು ಸುಮ್ಮನೆ ಹಾಕಿದ್ದಲ್ಲ. ಅಳಿವೆಯ ಹತ್ತಿರ ಭರತದ ಹೊತ್ತಿಗೆ ಕಡಲ ನೀರು ಒಳನುಗ್ಗಿರುತ್ತದೆ, ಇಳಿತದಲ್ಲಿ ಮೇಲಿನಿಂದ ಬಂದ ನೀರೇ ಹೆಚ್ಚು. ಒಂದೇ ಜಾಗ, ಒಂದೇ ದಿನ, ಬೆಳಿಗ್ಗೆಯ ಮಾದರಿಗೂ ಮಧ್ಯಾಹ್ನದ್ದಕ್ಕೂ ಕ್ಲೋರೈಡ್ ಅಜಗಜಾಂತರ. ಭರತದಲ್ಲಿ ತೆಗೆದ ಮಾದರಿಯಲ್ಲಿ ಕೊಳಕು ತೆಳುವಾಗಿ ಕಾಣುತ್ತದೆ. ಬಂದ ಕಾಗದದಲ್ಲಿ ಮೂರು ಸಾಲು ಮೊದಲು ನೋಡಿ. ಹೊರಾಂಗಣ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ದಾಟಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಮ್ಮಿಯಾಗಬಾರದು, ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 2,500 ಮೀರಬಾರದು. ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನಕ ಬೇರೆ ಇದೆ. ಅದರಂತೆ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ. ಕಡಲ ಬದಿಯ ಬಾವಿಯವರಿಗೆ ಈ ಎರಡು ಸಂಖ್ಯೆ ಬಾಯಿಪಾಠ ಬರಬೇಕು. ನದಿಯ ವರದಿಯನ್ನು ಕುಡಿಯುವ ನೀರಿನ ಮಾನಕಕ್ಕೆ ಹೋಲಿಸಿ ಗುಲ್ಲೆಬ್ಬಿಸುವುದು ನಮ್ಮಲ್ಲಿ ಸಾಮಾನ್ಯ ತಪ್ಪು.

ಉತ್ತರ ಕೊಡಲು 30 ದಿನ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ದಾಟಿಸಬೇಕು. ಗಡುವು ಮೀರಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ನಿರಾಕರಣೆಗೆ ಹೆಚ್ಚಾಗಿ ಸಿಗುವ ನೆಪಗಳು ಎರಡು: ವಾಣಿಜ್ಯ ಗೋಪ್ಯತೆ, ಇಲ್ಲವೇ 'ವರದಿ ಇನ್ನೂ ಪರಿಶೀಲನೆಯಲ್ಲಿದೆ'. ಮೊದಲನೆಯದಕ್ಕೆ ಕಾಯಿದೆಯ 10ನೇ ಕಲಮು ಉತ್ತರ: ಗೋಪ್ಯವಾದ ಭಾಗ ಮುಚ್ಚಿ ಉಳಿದದ್ದನ್ನು ಕೊಡಿ ಎನ್ನಬಹುದು.

ಎರಡನೆಯ ನೆಪ ದೊಡ್ಡ ಮಟ್ಟದಲ್ಲಿ ಬಿದ್ದುಹೋದದ್ದು ನಮ್ಮದೇ ಘಟ್ಟದ ವಿಷಯದಲ್ಲಿ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರ ಆಗಸ್ಟ್ ಕೊನೆಗೆ ವರದಿ ಒಪ್ಪಿಸಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಹೊರಬಿಡಲಿಲ್ಲ. ಕೇರಳದ ಅರ್ಜಿದಾರರೊಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ, ವರದಿ ಇನ್ನೂ ಅಂತಿಮವಲ್ಲ, ಬಹಿರಂಗವಾದರೆ ರಾಷ್ಟ್ರದ ವೈಜ್ಞಾನಿಕ, ಆರ್ಥಿಕ ಹಿತಕ್ಕೆ ಧಕ್ಕೆ ಎಂಬ ವಾದ ಬಂತು. 2012ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಅದನ್ನು ತಳ್ಳಿಹಾಕಿತು, ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಆಯೋಗದ ಮಾತನ್ನು ಎತ್ತಿಹಿಡಿಯಿತು. ಅದೇ ತಿಂಗಳು ವರದಿ ಸಚಿವಾಲಯದ ತಾಣದಲ್ಲಿ ಕಾಣಿಸಿಕೊಂಡಿತು. ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಎಂದು ಸಮಿತಿ ಬರೆದದ್ದನ್ನು ಆ ಕಣಿವೆಯ ಜನ ಅಧಿಕೃತವಾಗಿ ಓದಲು ಅಷ್ಟು ದಿನ ಕಾಯಬೇಕಾಯಿತು.

ಹೊಸ ಯೋಜನೆ ಬರುವ ಕಡೆ ಅಷ್ಟು ಕಾಯಬೇಕಿಲ್ಲ. ಪರಿಸರ ಪರಿಣಾಮ ಅಧ್ಯಯನದ ಬಗೆಗಿನ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕಾ ಪ್ರಕಟಣೆ ಬರಬೇಕು, ಪರಿಸರ ಪರಿಣಾಮ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿಯಲ್ಲೂ ಸ್ಥಳೀಯ ಸಂಸ್ಥೆಯಲ್ಲೂ ನೋಡಲು ಸಿಗಬೇಕು, ಅದರ ಸಾರಾಂಶ ಕನ್ನಡದಲ್ಲಿರಬೇಕು. ಸಾರಾಂಶವನ್ನಷ್ಟೇ ಓದಿ ಸಭೆಗೆ ಹೋದರೆ ಮಾತ್ರ ಸೋಲು ಖಚಿತ. ಯಾವ ಋತುವಿನಲ್ಲಿ ಮಾದರಿ ತೆಗೆದರು ಎಂಬುದು ಮೂಲ ವರದಿಯ ಒಳಪುಟದಲ್ಲಿ ಇರುತ್ತದೆ. ಬೇಸಿಗೆಯ ಮೂರು ತಿಂಗಳ ದತ್ತಾಂಶದಿಂದ ನಮ್ಮ ಮಳೆಗಾಲದ ತೋಡುಗಳ ಬಗ್ಗೆ ಏನೂ ಹೇಳಲಾಗದು.

ಸಂಶೋಧನಾ ಪತ್ರಿಕೆಗಳ ಲೇಖನಗಳ ಕಥೆ ಬೇರೆ, ಅಲ್ಲಿ ಅಡ್ಡ ನಿಲ್ಲುವುದು ಪ್ರಕಾಶಕರ ಶುಲ್ಕ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಮೂರು ವರ್ಷಕ್ಕೆ ₹6,000 ಕೋಟಿ ತೆತ್ತು 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ. ಆದರೆ ತೆರೆದದ್ದು ಸರ್ಕಾರಿ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳೊಳಗೆ ಮಾತ್ರ. ಸುರತ್ಕಲ್ ಎನ್‌ಐಟಿಕೆಯ ವಿದ್ಯಾರ್ಥಿಗೆ ಸಿಗುತ್ತದೆ, ಪಕ್ಕದ ಬೀದಿಯ ಕೃಷಿಕನಿಗೆ ಇಲ್ಲ. ಅಷ್ಟು ಹಣ ಕೊಡುವಾಗ ಜಿಲ್ಲಾ ಗ್ರಂಥಾಲಯಗಳನ್ನೂ ಸೇರಿಸಿಕೊಳ್ಳಬಹುದಿತ್ತು. ಹೊರಗಿನವರಿಗೆ ಉಳಿದ ದಾರಿ ಲೇಖಕರು ತಮ್ಮ ಸಂಸ್ಥೆಯ ಸಂಗ್ರಹದಲ್ಲಿ ಇಟ್ಟ ಅಂಗೀಕೃತ ಹಸ್ತಪ್ರತಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2013ರಲ್ಲಿ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆ 2014ರಲ್ಲಿ ಹಾಗೆ ಇಡಬೇಕೆಂಬ ನೀತಿ ಮಾಡಿವೆ. ಅಲ್ಲೂ ಸಿಗದಿದ್ದರೆ ಲೇಖಕರಿಗೇ ಇ-ಮೇಲ್ ಹಾಕಿ. ತಮ್ಮ ಲೇಖನವನ್ನು ಒಬ್ಬರು ಓದಲು ಬಯಸುತ್ತಾರೆ ಎಂದರೆ ಬೇಡ ಎನ್ನುವ ವಿಜ್ಞಾನಿ ಅಪರೂಪ.

ಅರ್ಜಿಗೆ ಉತ್ತರವಾಗಿ ಕಟ್ಟು ಬಂದ ದಿನವೇ ಪುಟಗಳನ್ನು ಪರಿವಿಡಿಯೊಂದಿಗೆ ತಾಳೆ ನೋಡಿ. ಮುಖ್ಯ ಪಠ್ಯ ಕೊಟ್ಟು ಅನುಬಂಧ ಬಿಟ್ಟಿರುವುದು ತೀರಾ ಸಾಮಾನ್ಯ. ಮಾದರಿವಾರು ಅಂಕಿಗಳು, ಪ್ರಯೋಗಾಲಯದ ಮೂಲ ಪತ್ರ, ನಕ್ಷೆ ಎಲ್ಲ ಇರುವುದು ಅನುಬಂಧದಲ್ಲೇ. ಬಿಟ್ಟಿದ್ದರೆ ಹೊಸ ಅರ್ಜಿ ಬೇಡ, ಯಾವ ಪುಟದಿಂದ ಯಾವ ಪುಟದವರೆಗೆ ಬಂದಿಲ್ಲ ಎಂದು ಸಂಖ್ಯೆ ಹಾಕಿ, ಉತ್ತರ ಕೈಸೇರಿದ 30 ದಿನದೊಳಗೆ ಅದೇ ಕಚೇರಿಯ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಬಂದ ಲಕೋಟೆಯನ್ನು ಎಸೆಯಬೇಡಿ, ಆ 30 ದಿನದ ಎಣಿಕೆಗೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.